ಬಿಎಂಎಸ್ ಸೆಟ್ಟಿಂಗ್ ಮತ್ತು ಸೆಲ್ಲಿನ ಬಗೆ: ದೋಷ ಹುಡುಕುವ ಕ್ರಮ

ತೀರ್ಥಹಳ್ಳಿ ಸೀಮೆಯ ಒಂದು ತೋಟದ ಮನೆಯಲ್ಲಿ ನಾಲ್ಕು ಟ್ಯೂಬ್ಯುಲರ್ (ಸೀಸದ) ಬ್ಯಾಟರಿಗಳನ್ನು ತೆಗೆದು, ಅದೇ 48 ವೋಲ್ಟಿನ ಸೋಲಾರ್ ಇನ್ವರ್ಟರಿಗೆ 100 ಎಎಚ್ (ಆಂಪಿಯರ್-ಅವರ್, ಸೆಲ್ ಹಿಡಿಯುವ ಚಾರ್ಜಿನ ಅಳತೆ) ಸಾಮರ್ಥ್ಯದ 16 ಲಿಥಿಯಂ ಸೆಲ್‌ಗಳ ಪೆಟ್ಟಿಗೆಯೊಂದನ್ನು ಜೂನ್ ತಿಂಗಳಲ್ಲಿ ಜೋಡಿಸಲಾಗಿತ್ತು. ಮಳೆಗಾಲವಿಡೀ ಯಾವ ತಕರಾರೂ ಇರಲಿಲ್ಲ. ನವೆಂಬರ್‌ನಲ್ಲಿ ಬಿಸಿಲು ಬಲಿತ ಮೇಲೆ ಎರಡು ತೊಂದರೆ ಒಟ್ಟಿಗೆ ಕಾಣಿಸಿಕೊಂಡವು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಇನ್ವರ್ಟರ್ 'ಬ್ಯಾಟರಿ ವೋಲ್ಟೇಜ್ ಹೆಚ್ಚು' ಎಂದು ಕೂಗಿ ಚಾರ್ಜ್ ನಿಲ್ಲಿಸುತ್ತಿತ್ತು. ರಾತ್ರಿ ಕರೆಂಟ್ ಹೋದಾಗ, ಮೊಬೈಲಿನಲ್ಲಿ ಬ್ಯಾಟರಿ ಶೇ. 33 ಎಂದು ತೋರಿಸುತ್ತಿರುವಾಗಲೇ ಮನೆ ಕತ್ತಲಾಗುತ್ತಿತ್ತು. ನಾನು ನೋಡಲು ಹೋದದ್ದು ಜನವರಿಯಲ್ಲಿ. ಅಷ್ಟರೊಳಗೆ ಇನ್ವರ್ಟರ್ ಕೆಟ್ಟಿದೆ ಎಂದು ಒಬ್ಬರೂ, ಸೆಲ್‌ಗಳೇ ಕಳಪೆ ಎಂದು ಇನ್ನೊಬ್ಬರೂ ಹೇಳಿ ಹೋಗಿದ್ದರು. ಎರಡೂ ಕೆಟ್ಟಿರಲಿಲ್ಲ. ಲಿಥಿಯಂ ಸೆಲ್‌ಗಳಲ್ಲಿ ಎಲ್‌ಎಫ್‌ಪಿ, ಎನ್‌ಎಂಸಿ ಎಂಬ ಬೇರೆ ಬೇರೆ ಬಗೆಗಳಿವೆ; ಎಲ್‌ಎಫ್‌ಪಿ ಸೆಲ್‌ಗಳನ್ನು ಕಾಯಲು ಕೂರಿಸಿದ್ದ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ನೋಡುತ್ತ, ಮಿತಿ ದಾಟಿದರೆ ಬ್ಯಾಟರಿಯನ್ನು ಕಡಿಯುವ ಸರ್ಕ್ಯೂಟ್), ಎನ್‌ಎಂಸಿ ಸೆಲ್‌ಗಳ ಲೆಕ್ಕದಲ್ಲಿ ಕೆಲಸ ಮಾಡುತ್ತಿತ್ತು.

ಇಂಥ ದೂರು ಈಗ ಊರೂರಿನಿಂದ ಬರುತ್ತಿರುವುದರಿಂದ, ಆ ಪೆಟ್ಟಿಗೆಯ ಮುಂದೆ ಕುಳಿತು ನಾನು ಅನುಸರಿಸಿದ ಕ್ರಮವನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಲಿಥಿಯಂ ಬ್ಯಾಟರಿಯ ದೋಷವನ್ನು ಒಟ್ಟು ವೋಲ್ಟೇಜ್ ನೋಡಿ ಹುಡುಕಲು ಹೊರಟವರು ಬಹುಪಾಲು ದಾರಿ ತಪ್ಪುತ್ತಾರೆ. ಒಂದೊಂದು ಸೆಲ್ಲಿನ ವೋಲ್ಟೇಜನ್ನೂ, ಅದನ್ನು ಕಾಯುವ ಮಿತಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಮುಟ್ಟುವ ಮೊದಲು

ಕೈಯಲ್ಲಿನ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರ ಎಲ್ಲವನ್ನೂ ತೆಗೆದಿಡಿ. 51 ವೋಲ್ಟ್ ಮೈಗೆ ಹೊಡೆಯುವ ಮಟ್ಟದ್ದಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು; 100 ಎಎಚ್‌ನ ಒಂದೇ ಸೆಲ್ಲಿನ ಎರಡು ತುದಿಗಳಿಗೆ ಸ್ಪ್ಯಾನರ್ ಅಡ್ಡ ಬಿದ್ದರೂ ಸಾವಿರಕ್ಕೂ ಹೆಚ್ಚು ಆಂಪಿಯರ್ ಹರಿದು ಲೋಹ ಕರಗಬಲ್ಲದು. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ. ಮೊದಲು ಸೋಲಾರ್ ಪ್ಯಾನೆಲ್‌ಗಳ ಐಸೊಲೇಟರ್ ಸ್ವಿಚ್, ಆಮೇಲೆ ಇನ್ವರ್ಟರ್, ಕೊನೆಯಲ್ಲಿ ಬ್ಯಾಟರಿಯ ಡಿಸಿ ಬ್ರೇಕರ್, ಈ ಅನುಕ್ರಮದಲ್ಲಿ ಬಂದ್ ಮಾಡಿ. ಬಿಸಿಲಿರುವಾಗ ಬ್ಯಾಟರಿಯನ್ನು ಮೊದಲು ಕಳಚಿದರೆ ಪ್ಯಾನೆಲ್‌ಗಳಿಂದ ಬರುವ ವಿದ್ಯುತ್ತಿಗೆ ಹೋಗಲು ಜಾಗವಿಲ್ಲದೆ ಇನ್ವರ್ಟರಿನ ಒಳಗೆ ವೋಲ್ಟೇಜ್ ಒಮ್ಮೆಲೇ ಏರುತ್ತದೆ.

ಸೆಲ್ ಯಾವುದು, ಎಷ್ಟಿವೆ

ಬಿಎಂಎಸ್‌ನ ಮೊಬೈಲ್ ಆ್ಯಪ್ ತೆರೆಯುವುದಕ್ಕೂ ಮುಂಚೆ ಪೆಟ್ಟಿಗೆಯ ಮುಚ್ಚಳ ತೆರೆದು ಸೆಲ್‌ಗಳನ್ನು ಎಣಿಸಬೇಕು, ಅವುಗಳ ಮೈಮೇಲಿನ ಬರಹವನ್ನು ಓದಬೇಕು. ಹೊರಗಿನ ಸ್ಟಿಕ್ಕರಿನಲ್ಲಿ '48 ವೋಲ್ಟ್ ಲಿಥಿಯಂ' ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ 13 ಎನ್‌ಎಂಸಿ ಸೆಲ್‌ಗಳ ಸರಣಿಯನ್ನೂ, 15 ಅಥವಾ 16 ಎಲ್‌ಎಫ್‌ಪಿ ಸೆಲ್‌ಗಳ ಸರಣಿಯನ್ನೂ ವ್ಯಾಪಾರದಲ್ಲಿ ಅದೇ ಹೆಸರಿನಿಂದ ಕರೆಯುತ್ತಾರೆ.

ಎಲ್‌ಎಫ್‌ಪಿ ಎಂದರೆ ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದ ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್ ಇವರು ಪ್ರಕಟಿಸಿದ ಸಂಶೋಧನೆಯಿಂದ ಹೊರಬಂದ ವಸ್ತು ಇದು. ಮನೆಯ ಬ್ಯಾಟರಿಗೆ ಇಂದಿಗೂ ನಾನು ಮೊದಲು ಹೇಳುವ ಹೆಸರು ಇದೇ. ಇದರ ನಾಮಮಾತ್ರ ವೋಲ್ಟೇಜ್ 3.2, ಚಾರ್ಜಿನ ಗರಿಷ್ಠ ಮಿತಿ 3.65, ಕೆಳಮಿತಿ 2.5. ಸ್ಕೂಟರುಗಳಲ್ಲಿ ಹೆಚ್ಚಾಗಿ ಕಾಣುವ ಎನ್‌ಎಂಸಿಯ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಬಗೆ) ನಾಮಮಾತ್ರ ವೋಲ್ಟೇಜ್ 3.6 ಅಥವಾ 3.7, ಗರಿಷ್ಠ ಮಿತಿ 4.2, ಕೆಳಗೆ 3 ವೋಲ್ಟಿಗಿಂತ ಇಳಿಸದಿರುವುದು ಒಳ್ಳೆಯದು. ಲಿಥಿಯಂ ಟೈಟನೇಟ್, ಅಂದರೆ ಎಲ್‌ಟಿಒ, ಇವೆರಡಕ್ಕಿಂತ ಬಹಳ ಕೆಳಗಿನದು: ನಾಮಮಾತ್ರ 2.3 ರಿಂದ 2.4, ಗರಿಷ್ಠ ಸುಮಾರು 2.8. ತುಂಬಿದ ಎಲ್‌ಟಿಒ ಸೆಲ್ಲನ್ನು ಎಲ್‌ಎಫ್‌ಪಿ ಸೆಟ್ಟಿಂಗಿನ ಬಿಎಂಎಸ್ 'ಬರಿದಾಗುತ್ತಿದೆ' ಎಂದೇ ತಿಳಿಯುತ್ತದೆ. ಈಚೆಗೆ ಬರುತ್ತಿರುವ ಸೋಡಿಯಂ ಅಯಾನ್ ಸೆಲ್‌ಗಳಲ್ಲಿ ಮೇಲಿನ ಮಿತಿಗೂ ಕೆಳಗಿನ ಮಿತಿಗೂ ನಡುವೆ ಎರಡು ವೋಲ್ಟಿಗೂ ಹೆಚ್ಚು ಅಂತರವಿರುವುದರಿಂದ, ಬಿಎಂಎಸ್ ಮಾತ್ರವಲ್ಲ, ಇನ್ವರ್ಟರ್ ಆ ಹರವನ್ನು ತಾಳುತ್ತದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

ಬರಹ ಅಳಿಸಿಹೋಗಿದ್ದರೆ ಮಲ್ಟಿಮೀಟರ್ ಒಂದು ಸುಳಿವು ಕೊಡುತ್ತದೆ. ಚಾರ್ಜ್ ಆಗಿ ಒಂದು ಗಂಟೆ ವಿಶ್ರಾಂತಿ ಪಡೆದ ಸೆಲ್ 3.33ರ ಆಸುಪಾಸಿನಲ್ಲಿ ನಿಂತು, ಅರ್ಧ ಖಾಲಿಯಾದರೂ 3.28ರ ಹತ್ತಿರವೇ ಇದ್ದರೆ ಅದು ಎಲ್‌ಎಫ್‌ಪಿ. ವಿಶ್ರಾಂತಿಯಲ್ಲಿ 3.8 ಅಥವಾ 4.0 ತೋರಿಸಿದರೆ ಅದು ಎಲ್‌ಎಫ್‌ಪಿ ಅಲ್ಲ. ಈ ಮನೆಯ ಸೆಲ್‌ಗಳ ಮೇಲೆ 3.2 ವೋಲ್ಟ್, 100 ಎಎಚ್ ಎಂದು ಸ್ಪಷ್ಟವಾಗಿಯೇ ಇತ್ತು.

ಆ ಪೆಟ್ಟಿಗೆ ತೋರಿಸಿದ ಅಂಕಿಗಳು

ಚಾರ್ಜ್ ಕಡಿಯುವ ಹೊತ್ತಿಗೆ ಸರಿಯಾಗಿ ನೋಡಬೇಕೆಂದು ಹನ್ನೊಂದೂವರೆಯಿಂದಲೇ ಆ್ಯಪ್ ತೆರೆದುಕೊಂಡು ಕುಳಿತೆ. ಇನ್ವರ್ಟರಿನಲ್ಲಿ ಹಳೆಯ ಟ್ಯೂಬ್ಯುಲರ್ ಸೆಟ್ಟಿಂಗ್ ಹಾಗೆಯೇ ಇತ್ತು: ಬೂಸ್ಟ್ (ತುಂಬಿಸುವಾಗ ಇನ್ವರ್ಟರ್ ಮುಟ್ಟಬೇಕಾದ ವೋಲ್ಟೇಜ್) 57.6 ವೋಲ್ಟ್, ಅಂದರೆ ಬ್ಯಾಟರಿಗೆ 14.4ರಂತೆ ನಾಲ್ಕು. 57.6ನ್ನು 16ರಿಂದ ಭಾಗಿಸಿದರೆ 3.6 ಬರುತ್ತದೆ. ಎಲ್‌ಎಫ್‌ಪಿಗೆ ಹೇಳಿ ಮಾಡಿಸಿದಂತೆ ಕಾಣುವ ಈ ಅಂಕಿಯೇ ನನಗಿಂತ ಮೊದಲು ಬಂದವರನ್ನು ತಪ್ಪು ದಾರಿಗೆ ಎಳೆದಿತ್ತು.

ಆದರೆ ಚಾರ್ಜ್ ಕಡಿದದ್ದು 57.6ರಲ್ಲಿ ಅಲ್ಲ, 55.1ರಲ್ಲಿ. ಗುರಿ ಮುಟ್ಟುವ ಮೊದಲೇ ಬಿಎಂಎಸ್ ಬಾಗಿಲು ಹಾಕಿದರೆ, ಒಟ್ಟು ವೋಲ್ಟೇಜ್ ಸಾಲದಿರುವಾಗಲೇ ಯಾವುದೋ ಒಂದು ಸೆಲ್ ಮಿತಿ ದಾಟಿದೆ ಎಂದರ್ಥ. ಸೆಲ್‌ಗಳ ಪಟ್ಟಿಯಲ್ಲಿ ಹದಿನೈದು ಸೆಲ್‌ಗಳು 3.39ರ ಆಸುಪಾಸಿನಲ್ಲಿದ್ದವು, ಏಳನೆಯದು ಮಾತ್ರ 4.25. ಬಿಎಂಎಸ್ ಕಡಿದೊಡನೆ, ಪ್ಯಾನೆಲ್‌ಗಳಿಂದ 20 ಆಂಪಿಯರ್ ತರುತ್ತಿದ್ದ ಇನ್ವರ್ಟರ್ ತನ್ನ ತಂತಿಗಳಲ್ಲಿ ವೋಲ್ಟೇಜ್ ಹಾರಿದ್ದನ್ನು ಕಂಡು ಎಚ್ಚರಿಕೆ ಕೂಗಿತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಏಳನೆಯ ಸೆಲ್ಲಿನ ತುದಿಗಳಿಗೆ ನೇರವಾಗಿ ಮಲ್ಟಿಮೀಟರ್ ಹಿಡಿದೆ. ಚಾರ್ಜ್ ನಿಂತು ನಿಮಿಷ ಕಳೆದಿದ್ದರೂ ಮೀಟರಿನಲ್ಲಿ 4.1 ಇತ್ತು. ಅಂದರೆ ಬಿಎಂಎಸ್ ಸುಳ್ಳು ಹೇಳಿರಲಿಲ್ಲ. ಸೆಲ್ಲಿನ ಅಗಲವಾದ ಮುಖಕ್ಕೆ ಉಕ್ಕಿನ ಸ್ಕೇಲನ್ನು ಅಡ್ಡ ಹಿಡಿದು ನೋಡಿದೆ: ನಡುವೆ ತಾಗುತ್ತಿತ್ತು, ಎರಡೂ ತುದಿಗಳಲ್ಲಿ ಬೆಳಕು ಕಾಣುತ್ತಿತ್ತು. 3.65ರಲ್ಲಿ ನಿಲ್ಲಬೇಕಾದ ಸೆಲ್ಲನ್ನು ಎರಡು ತಿಂಗಳು ದಿನವೂ 4.25ರವರೆಗೆ ದೂಡಿದ್ದರಿಂದ ಒಳಗಿನ ಎಲೆಕ್ಟ್ರೊಲೈಟ್ ಒಡೆದು ಅನಿಲವಾಗಿ, ಸೆಲ್ ಉಬ್ಬಲು ತೊಡಗಿತ್ತು. ಅದನ್ನು ನೋಡಿ ನನಗೆ ನಿಜವಾಗಿ ನೋವಾಯಿತು. ಜೋಡಿಸಿದ ದಿನ ಹತ್ತು ನಿಮಿಷ ಕೊಟ್ಟಿದ್ದರೆ ಉಳಿಯುತ್ತಿದ್ದ ಸೆಲ್ ಅದು.

ಬಿಎಂಎಸ್ ಸೆಟ್ಟಿಂಗ್ ಪುಟ ತೆರೆದಾಗ ಉಳಿದದ್ದೆಲ್ಲ ಒಂದೊಂದಾಗಿ ಅರ್ಥವಾಯಿತು. ಮೇಲಿನ ಕಟ್-ಆಫ್ (ಚಾರ್ಜ್ ಕಡಿಯುವ ಮಿತಿ) 4.25, ಕೆಳಗಿನ ಕಟ್-ಆಫ್ 3.00, ಬ್ಯಾಲೆನ್ಸಿಂಗ್ (ಮುಂದಿರುವ ಸೆಲ್ಲಿನ ಚಾರ್ಜನ್ನು ಸ್ವಲ್ಪ ಸ್ವಲ್ಪ ಇಳಿಸಿ ಎಲ್ಲವನ್ನೂ ಸಮ ಮಾಡುವುದು) ಶುರುವಾಗುವ ವೋಲ್ಟೇಜ್ 4.00, ಸಾಮರ್ಥ್ಯ 120 ಎಎಚ್. ಬ್ಯಾಲೆನ್ಸಿಂಗ್ 4.00ಕ್ಕೆ ಶುರುವಾಗಬೇಕೆಂದಿದ್ದರೆ ಎಲ್‌ಎಫ್‌ಪಿಯಲ್ಲಿ ಅದು ಅಪಾಯದ ಗೆರೆ ದಾಟಿದ ಮೇಲೆ ಕೆಲವು ಕ್ಷಣ ಮಾತ್ರ ನಡೆಯುತ್ತದೆ. ಹಾಗಾಗಿ ಜೋಡಿಸಿದ ದಿನ ಏಳನೆಯ ಸೆಲ್ ಉಳಿದವುಗಳಿಗಿಂತ ಎಷ್ಟು ಮುಂದಿತ್ತೋ ಅಷ್ಟೇ ಮುಂದೆ ಉಳಿದಿತ್ತು. ಮಳೆಗಾಲದಲ್ಲಿ ದೋಷ ಏಕೆ ಕಾಣಲಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಆ ಮನೆಯವರು ಗ್ರಿಡ್‌ನಿಂದ ಚಾರ್ಜ್ ಮಾಡುವುದನ್ನು ನಿಲ್ಲಿಸಿದ್ದರು. ಮಲೆನಾಡಿನ ಮೋಡದಲ್ಲಿ ಬ್ಯಾಟರಿ ಪೂರ್ತಿ ತುಂಬಿದ ದಿನಗಳೇ ಇರಲಿಲ್ಲ. ಎಲ್‌ಎಫ್‌ಪಿಯ ವೋಲ್ಟೇಜ್ ಶೇ. 30ರಿಂದ 90ರವರೆಗೆ ಹೆಚ್ಚೆಂದರೆ 0.1 ವೋಲ್ಟ್ ಬದಲಾಗುವುದರಿಂದ, ನಡುವಿನ ಹಾದಿಯಲ್ಲಿ ಹದಿನಾರೂ ಸೆಲ್‌ಗಳು ಸಮನಾಗಿಯೇ ಕಾಣುತ್ತವೆ. ವ್ಯತ್ಯಾಸ ಬಯಲಾಗುವುದು ತುದಿಗಳಲ್ಲಿ ಮಾತ್ರ.

ಶೇ. 33ರ ಗುಟ್ಟು

"ಇನ್ನೂ ಮೂವತ್ತಮೂರು ಇತ್ತು ಸಾರ್, ಅಷ್ಟರಲ್ಲಿ ಆಫ್ ಆಯ್ತು" ಎಂದು ಮನೆಯ ಯಜಮಾನರು ಹೇಳಿದ ಅಂಕಿಯನ್ನು ನಾನು ಕಾಗದದ ಮೇಲೆ ಬರೆದುಕೊಂಡಿದ್ದೆ. ಬಳಕೆದಾರರು ನೆನಪಿಟ್ಟು ಹೇಳುವ ಇಂಥ ಅಂಕಿಗಳನ್ನು ಎಂದೂ ತಳ್ಳಿಹಾಕಬಾರದು.

ಏಳನೆಯ ಸೆಲ್ ತುಂಬಿ ಚಾರ್ಜ್ ಕಡಿದಾಗ ಉಳಿದ ಹದಿನೈದು ಸೆಲ್‌ಗಳಿಗೆ ಸುಮಾರು 12 ಎಎಚ್ ಬಾಕಿ ಇತ್ತು ಎಂಬುದು ರಿಪೇರಿಯ ವೇಳೆ ತಿಳಿಯಿತು. ಹಾಗಾದರೆ ಅವುಗಳಲ್ಲಿದ್ದದ್ದು 88 ಎಎಚ್. ಆದರೆ ಒಂದು ಸೆಲ್ ಮೇಲಿನ ಮಿತಿ ಮುಟ್ಟಿದೊಡನೆ ಈ ಬಿಎಂಎಸ್ ತನ್ನ ಲೆಕ್ಕವನ್ನು ಶೇ. 100 ಎಂದು ತಿದ್ದಿಕೊಳ್ಳುತ್ತದೆ; ಅದಕ್ಕೆ ಕೊಟ್ಟ ಸಾಮರ್ಥ್ಯ 120 ಆದ್ದರಿಂದ 120 ಎಎಚ್ ಇದೆಯೆಂದು ನಂಬುತ್ತದೆ. ರಾತ್ರಿ ಲೋಡ್ ಇರುವಾಗ ಸೆಲ್‌ಗಳು 3.00ಕ್ಕೆ ಇಳಿದಾಗ, ಇನ್ನೂ 8 ಎಎಚ್ ಉಳಿದಿದ್ದರೂ, ಎನ್‌ಎಂಸಿಯ ಕೆಳಮಿತಿ ಬಂತೆಂದು ಅದು ಕಡಿಯುತ್ತದೆ. ಖರ್ಚಾದದ್ದು 80. 120ರಲ್ಲಿ 80 ಕಳೆದರೆ 40. 120ರಲ್ಲಿ 40 ಎಂದರೆ ಶೇ. 33. ಬ್ಯಾಟರಿಯಲ್ಲಿ ಇಲ್ಲದ ವಿದ್ಯುತ್ತನ್ನು ಆ್ಯಪ್ ತೋರಿಸುತ್ತಿತ್ತು.

ಸೆಟ್ಟಿಂಗೇ ತಪ್ಪೇ, ಬೇರೆ ಕಾರಣವೇ

ಒಂದು ಸೆಲ್ ಬೇರೆಯವುಗಳಿಂದ ದೂರ ಸರಿದಿದೆ ಎಂದ ಮಾತ್ರಕ್ಕೆ ಸೆಟ್ಟಿಂಗನ್ನು ದೂರುವುದೂ ಅವಸರವೇ. ನಾಲ್ಕು ಬೇರೆ ಬೇರೆ ಕಾರಣಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಅವುಗಳನ್ನು ಬೇರ್ಪಡಿಸುವ ಬಗೆ ಹೀಗಿದೆ.

ಮೊದಲನೆಯದಾಗಿ, ಸೆಲ್ಲನ್ನು ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ನೋಡಬೇಕು. ತುಂಬುವಾಗಲೂ ಬರಿದಾಗುವಾಗಲೂ ಅದೇ ಸೆಲ್ ಎಲ್ಲಕ್ಕಿಂತ ಮೇಲಿದ್ದರೆ ಅದರಲ್ಲಿ ಉಳಿದವುಗಳಿಗಿಂತ ಹೆಚ್ಚು ಚಾರ್ಜ್ ಇದೆ, ಅಷ್ಟೇ, ಸಾಮರ್ಥ್ಯ ಕುಂದಿಲ್ಲ. ತುಂಬುವಾಗ ಎಲ್ಲಕ್ಕಿಂತ ಮೊದಲು ಮೇಲೇರಿ, ಬರಿದಾಗುವಾಗ ಎಲ್ಲಕ್ಕಿಂತ ಮೊದಲು ಬೀಳುವ ಸೆಲ್ ಸೊರಗಿದೆ. ಅದನ್ನು ಬ್ಯಾಲೆನ್ಸಿಂಗ್ ಉಳಿಸಲಾರದು. ನಮ್ಮ ಏಳನೆಯದು ಕೆಳಗಿನ ಕಟ್-ಆಫ್ ಹೊತ್ತಿನಲ್ಲೂ ಉಳಿದವುಗಳಿಗಿಂತ ಮೇಲೆಯೇ ಇತ್ತು.

ಎರಡನೆಯದಾಗಿ, ಸೆಲ್ಲಿನಿಂದ ಸೆಲ್ಲಿಗೆ ಜೋಡಿಸುವ ಲೋಹದ ಪಟ್ಟಿ, ಅಂದರೆ ಬಸ್‌ಬಾರ್, ಸಡಿಲವಾಗಿದ್ದರೆ ಲಕ್ಷಣ ಬೇರೆ. ಲೋಡ್ ಹಾಕಿದ ಕ್ಷಣವೇ ಆ ಸೆಲ್ ಕೆಳಗೆ ಜಿಗಿಯುತ್ತದೆ, ಚಾರ್ಜ್ ಕೊಟ್ಟ ಕ್ಷಣವೇ ಮೇಲೆ ಜಿಗಿಯುತ್ತದೆ, ಎರಡನ್ನೂ ನಿಲ್ಲಿಸಿದರೆ ಸಾಲಿಗೆ ಮರಳುತ್ತದೆ. ಜೋಡಣೆಯಲ್ಲಿ ಒಂದೇ ಒಂದು ಮಿಲಿಓಮ್ ಹೆಚ್ಚಿದ್ದರೂ 50 ಆಂಪಿಯರಿಗೆ 50 ಮಿಲಿವೋಲ್ಟ್ ವ್ಯತ್ಯಾಸ ಬರುತ್ತದೆ. ಮಲೆನಾಡಿನ ತೇವದಲ್ಲಿ ಅಲ್ಯೂಮಿನಿಯಂ ತುದಿಗಳ ಮೇಲೆ ಆಕ್ಸೈಡ್ ಪೊರೆ ಬೆಳೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಯವಾದ ಮರಳು ಕಾಗದದಿಂದ ತಿಕ್ಕಿ, ಒರೆಸಿ, ಸೆಲ್ ತಯಾರಕರು ಹೇಳಿದಷ್ಟೇ ಬಿಗಿ ಮಾಡಬೇಕು. ಅದಕ್ಕಿಂತ ಬಿಗಿದರೆ ಅಲ್ಯೂಮಿನಿಯಂನ ಥ್ರೆಡ್ ಕಿತ್ತುಬರುತ್ತದೆ.

ಮೂರನೆಯದು ಸೆನ್ಸ್ ವೈರ್, ಅಂದರೆ ಸೆಲ್ಲಿನ ವೋಲ್ಟೇಜನ್ನು ಬಿಎಂಎಸ್‌ಗೆ ತಿಳಿಸುವ ತಂತಿ. ನಾಲ್ಕನೆಯ ಮತ್ತು ಐದನೆಯ ಸೆಲ್‌ಗಳ ನಡುವಿನ ತೆಳು ತಂತಿ ಕಡಿದಿದ್ದರೆ ಆ್ಯಪಿನಲ್ಲಿ ಒಂದು 2.9, ಇನ್ನೊಂದು 3.7 ಎಂದು ಕಾಣಬಹುದು. ಎರಡನ್ನೂ ಕೂಡಿಸಿದರೆ 6.6, ಅಂದರೆ ಎರಡು ಆರೋಗ್ಯವಂತ ಸೆಲ್‌ಗಳ ಮೊತ್ತ. ನೆರೆಹೊರೆಯ ಎರಡು ಸೆಲ್‌ಗಳಲ್ಲಿ ಒಂದು ಏರಿದಷ್ಟೇ ಇನ್ನೊಂದು ಇಳಿದಿದ್ದರೆ ಮೊದಲು ಆ ತಂತಿಯನ್ನು ಅನುಮಾನಿಸಿ, ಸೆಲ್ಲಿನ ತುದಿಯಲ್ಲೇ ಅಳೆಯಿರಿ. ಹೊಸದಾಗಿ ಜೋಡಿಸುವಾಗ ಸೆನ್ಸ್ ಪ್ಲಗ್ಗನ್ನು ಬಿಎಂಎಸ್‌ಗೆ ಚುಚ್ಚುವ ಮುಂಚೆ ಮೊದಲ ಪಿನ್ನಿನಿಂದ ಒಂದೊಂದು ಪಿನ್ನಿಗೂ ಅಳೆದು 3.3, 6.6, 9.9 ಹೀಗೆ 52.8ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆಯೇ ಎಂದು ನೋಡಲೇಬೇಕು. ಒಂದು ಮೆಟ್ಟಿಲು ಅದಲುಬದಲಾಗಿದ್ದರೂ ಚುಚ್ಚಿದ ಕ್ಷಣದಲ್ಲೇ ಬಿಎಂಎಸ್ ಸುಡಬಹುದು.

ನಾಲ್ಕನೆಯದು ಬಿಎಂಎಸ್‌ನ ಮಾಸ್ಫೆಟ್‌ಗಳು, ಅಂದರೆ ವಿದ್ಯುತ್ತನ್ನು ಹರಿಯಬಿಡುವ, ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್‌ಗಳು. ಬಿ-ಮೈನಸ್ (ಸೆಲ್‌ಗಳ ಕಡೆಯ ಮೈನಸ್) ಮತ್ತು ಪಿ-ಮೈನಸ್ (ಇನ್ವರ್ಟರಿನ ಕಡೆಯ ಮೈನಸ್) ನಡುವೆ ಮೀಟರ್ ಇಟ್ಟರೆ, ಲೋಡ್ ಇರುವಾಗ ಬಹುತೇಕ ಸೊನ್ನೆ ಬರಬೇಕು. ಅರ್ಧ ವೋಲ್ಟಿನಷ್ಟು ಕಂಡರೆ ಚಾರ್ಜ್ ಬದಿಯ ಮಾಸ್ಫೆಟ್ ಮುಚ್ಚಿದ್ದು, ವಿದ್ಯುತ್ ಅದರ ಒಳಗಿನ ಡಯೋಡ್ ಮೂಲಕ ನುಸುಳಿ ಬಿಸಿ ಮಾಡುತ್ತಿದೆ. ದೊಡ್ಡ ವೋಲ್ಟೇಜ್ ಕಂಡರೆ ಡಿಸ್ಚಾರ್ಜ್ ಬದಿ ಮುಚ್ಚಿದೆ. ಬ್ರೇಕರ್ ಹಾಕಿದ ಕೂಡಲೇ ಹೀಗಾಗುವುದಾದರೆ ಇನ್ವರ್ಟರಿನ ಕೆಪಾಸಿಟರ್‌ಗಳು ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಬಿಎಂಎಸ್ ಶಾರ್ಟ್ ಎಂದು ತಿಳಿದಿರುತ್ತದೆ. ಬ್ರೇಕರಿನ ಎರಡು ಬದಿಗೆ 50 ಓಮ್‌ನ ರೆಸಿಸ್ಟರನ್ನು ಕೆಲವು ಸೆಕೆಂಡು ತಾಗಿಸಿ, ಕೆಪಾಸಿಟರ್ ತುಂಬಿದ ಮೇಲೆ ಬ್ರೇಕರ್ ಏರಿಸಿದರೆ ಸಾಕು.

ಸರಿಪಡಿಸಿದ ಕ್ರಮ

ಮೊದಲು ಅಂಕಿಗಳನ್ನು ತಿದ್ದಿದೆ. ಮೇಲಿನ ಕಟ್-ಆಫ್ 3.65, ಮರಳಿ ತೆರೆಯುವುದು 3.45, ಕೆಳಗಿನ ಕಟ್-ಆಫ್ 2.60, ಮರಳಿ ತೆರೆಯುವುದು 2.90, ಬ್ಯಾಲೆನ್ಸಿಂಗ್ 3.40ರಿಂದ, ಸಾಮರ್ಥ್ಯ 100. ಆ್ಯಪಿನಲ್ಲಿ 'ಎಲ್‌ಎಫ್‌ಪಿ' ಎಂಬ ಒಂದು ಗುಂಡಿ ಇದೆ, ಅದನ್ನು ಒತ್ತಿದರೆ ಎಲ್ಲವೂ ಬದಲಾಗುತ್ತವೆ ಎಂಬುದು ನಿಜ. ಆದರೂ ಒತ್ತಿದ ಮೇಲೆ ಒಂದೊಂದು ಅಂಕಿಯನ್ನೂ ಓದಿ ನೋಡದೆ ನಾನು ಮುಚ್ಚಳ ಹಾಕುವುದಿಲ್ಲ.

ಇನ್ವರ್ಟರಿನಲ್ಲಿ ಬೂಸ್ಟನ್ನು 56.4ಕ್ಕೂ, ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜಾದ ಫ್ಲೋಟನ್ನು 54ಕ್ಕೂ ಇಳಿಸಿದೆ. ಈಕ್ವಲೈಸ್ (ಆಗಾಗ ಹೆಚ್ಚು ವೋಲ್ಟೇಜ್ ಕೊಟ್ಟು ಚಾರ್ಜ್ ಮಾಡುವುದು) ಮತ್ತು ತಾಪಮಾನಕ್ಕೆ ತಕ್ಕಂತೆ ವೋಲ್ಟೇಜ್ ಬದಲಿಸುವ ಸೌಲಭ್ಯ, ಎರಡನ್ನೂ ನಿಲ್ಲಿಸಿದೆ. ಸೀಸದ ಬ್ಯಾಟರಿಗೆ ಉಪಕಾರಿಯಾದ ಇವು ಲಿಥಿಯಂಗೆ ಹಾನಿಕರ. ಇನ್ವರ್ಟರಿನ ಕೆಳ ಕಟ್-ಆಫ್ 48ಕ್ಕೆ, ಅಂದರೆ ಸೆಲ್ಲಿಗೆ 3 ವೋಲ್ಟಿಗೆ ಇಟ್ಟೆ. ದಿನನಿತ್ಯ ನಿಲ್ಲಿಸುವ ಕೆಲಸ ಇನ್ವರ್ಟರಿನದು; ಇನ್ವರ್ಟರ್ ಸೋತಾಗ ಮಾತ್ರ ಬಿಎಂಎಸ್ ಕಡಿಯಬೇಕು. ಬಿಎಂಎಸ್ ದಿನವೂ ಕಡಿಯುತ್ತಿದೆ ಎಂದರೆ ವ್ಯವಸ್ಥೆ ಸರಿಯಾಗಿ ನಡೆಯುತ್ತಿಲ್ಲ.

ಇನ್ನುಳಿದದ್ದು ಏಳನೆಯ ಸೆಲ್ಲಿನ ಹೆಚ್ಚುವರಿ ಚಾರ್ಜ್. ಈ ಬಿಎಂಎಸ್ ಬ್ಯಾಲೆನ್ಸಿಂಗ್‌ನಲ್ಲಿ ಹೊರಹಾಕುವುದು 100 ಮಿಲಿಆಂಪಿಯರ್. 12 ಎಎಚ್ ಇಳಿಸಲು ಅದಕ್ಕೆ 120 ಗಂಟೆ ಬೇಕು, ಅದೂ 3.40ರ ಮೇಲಿರುವ ಹೊತ್ತಿನಲ್ಲಿ ಮಾತ್ರ; ದಿನಕ್ಕೆ ಎರಡು ಗಂಟೆಯಂತೆ ಲೆಕ್ಕ ಹಾಕಿದರೆ ಎರಡು ತಿಂಗಳು. ಅದಕ್ಕಾಗಿ ಪ್ಯಾಕಿನ ಬ್ರೇಕರ್ ಇಳಿಸಿ, 1 ಓಮ್, 50 ವ್ಯಾಟಿನ ರೆಸಿಸ್ಟರೊಂದನ್ನು ಇಟ್ಟಿಗೆಯ ಮೇಲಿಟ್ಟು ಏಳನೆಯ ಸೆಲ್ಲಿಗೆ ಮಾತ್ರ ಜೋಡಿಸಿದೆ. ಅದರಲ್ಲಿ ಸುಮಾರು 3.3 ಆಂಪಿಯರ್ ಹರಿದು, ಮೂರು ಗಂಟೆಯಲ್ಲಿ 10 ಎಎಚ್ ಇಳಿಯಿತು. ರೆಸಿಸ್ಟರ್ ಮುಟ್ಟಲಾಗದಷ್ಟು ಕಾಯುತ್ತದೆ, ಆದ್ದರಿಂದ ಪಕ್ಕದಲ್ಲೇ ಕುಳಿತಿರಬೇಕು. ಸೆಲ್ಲಿಗೆ ಹಚ್ಚಿ ಊಟಕ್ಕೆ ಹೋಗುವ ಕೆಲಸವಲ್ಲ. ಮತ್ತೆ ಚಾರ್ಜ್ ಕೊಟ್ಟಾಗ ಏಳನೆಯದು ಸ್ವಲ್ಪವೇ ಮುಂದಿತ್ತು. ಉಳಿದ 2 ಎಎಚ್ ಅನ್ನು ಬ್ಯಾಲೆನ್ಸರಿಗೆ ಬಿಟ್ಟೆ.

ತಾಪಮಾನದ ಮಿತಿಗಳನ್ನೂ ಅದೇ ದಿನ ನೋಡಿ ಮುಗಿಸಿದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಎಲ್‌ಎಫ್‌ಪಿಗಾಗಲಿ ಎನ್‌ಎಂಸಿಗಾಗಲಿ ಚಾರ್ಜ್ ಕೊಟ್ಟರೆ ಒಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ. ಇದು ನಮ್ಮ ನಾಡಿನ ಚಿಂತೆಯಲ್ಲದಿದ್ದರೂ ಚಳಿ ದೇಶಗಳಲ್ಲಿ ನೆಲೆಸಿ ಗ್ಯಾರೇಜಿನಲ್ಲಿ ಬ್ಯಾಟರಿ ಇಟ್ಟುಕೊಂಡವರಿಗೆ ಮೊದಲ ಚಿಂತೆ. ನಮ್ಮ ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ತಗಡಿನ ಶೀಟಿನ ಕೆಳಗೆ ಪೆಟ್ಟಿಗೆ ಇಡಲೇಬಾರದು. ಆ್ಯಪಿನಲ್ಲಿ ತಾಪಮಾನ ಮೈನಸ್ 40 ಎಂದು ಕಂಡರೆ ಸೆನ್ಸರಿನ ತಂತಿ ಬಿಟ್ಟುಹೋಗಿದೆ ಎಂದೇ ತಿಳಿಯಿರಿ.

ಎರಡು ವಾರದ ನಂತರ ಅವರು ಕಳಿಸಿದ ಚಿತ್ರದಲ್ಲಿ, 56.4 ವೋಲ್ಟಿನಲ್ಲಿ ಅತಿ ಮೇಲಿನ ಮತ್ತು ಅತಿ ಕೆಳಗಿನ ಸೆಲ್‌ಗಳ ನಡುವೆ 18 ಮಿಲಿವೋಲ್ಟ್ ಅಂತರವಿತ್ತು. ಮಧ್ಯಾಹ್ನದ ಕೂಗು ನಿಂತಿದೆ. ಏಳನೆಯ ಸೆಲ್ಲನ್ನು ಮಾತ್ರ ಬದಲಿಸಲು ಹೇಳಿದ್ದೇನೆ. ಅದರ ಸಾಮರ್ಥ್ಯ ಸದ್ಯಕ್ಕೆ ಸರಿಯಿದೆ, ಆದರೆ ಒಮ್ಮೆ ಉಬ್ಬಿದ ಸೆಲ್ಲನ್ನು ಮಲಗುವ ಕೋಣೆಯ ಗೋಡೆಯ ಆಚೆ ಇಟ್ಟುಕೊಳ್ಳಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಹೊಸ ಸೆಲ್ ಬಂದಾಗ ಅದನ್ನು ಒಂಟಿಯಾಗಿ 3.60ರವರೆಗೆ ತುಂಬಿಸಿ, ಉಳಿದ ಹದಿನೈದನ್ನೂ ತುಂಬಿದ ಸ್ಥಿತಿಗೆ ತಂದು, ಆಮೇಲೆ ಸರಣಿಗೆ ಸೇರಿಸಬೇಕು. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಕಾಗದ ಅಂಟಿಸಿ ಬಂದಿದ್ದೇನೆ: ಎಲ್‌ಎಫ್‌ಪಿ, 16 ಸೆಲ್, 100 ಎಎಚ್, ಮೇಲೆ 3.65, ಕೆಳಗೆ 2.60, ಬ್ಯಾಲೆನ್ಸ್ 3.40, ಇನ್ವರ್ಟರ್ 56.4 ಮತ್ತು 48, ಅದರ ಕೆಳಗೆ ದಿನಾಂಕ.